ರಜೆಯ ನಲವತ್ತೆಂಟು ದಿನ: ರಾಯಚೂರು ಜಿಲ್ಲಾಡಳಿತಕ್ಕೂ ಪೋಷಕರಿಗೂ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ, ಗ್ರಾಮ ಪಂಚಾಯಿತಿಗಳ ಅಧ್ಯಕ್ಷರು ಮತ್ತು ಸದಸ್ಯರಿಗೆ, ಹಾಗೂ ನಮ್ಮನ್ನು ನಂಬಿ ಮಕ್ಕಳನ್ನು ಶಾಲೆಗೆ ಕಳಿಸುವ ಎಲ್ಲ ತಾಯಿ-ತಂದೆಯರಿಗೆ ಗೌರವಪೂರ್ವಕ ನಮಸ್ಕಾರಗಳು.

ನಾನು ಮಾನ್ವಿ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಹೋದ ವರ್ಷ ಬೇಸಿಗೆ ರಜೆ ಮುಗಿದು ಶಾಲೆ ತೆರೆದ ಮೂರನೆಯ ದಿನ ಐದನೆಯ ತರಗತಿಯ ಹುಡುಗನೊಬ್ಬ ಪ್ರಾರ್ಥನೆಯ ಸಾಲಿನಲ್ಲಿ ನಿಂತಲ್ಲೇ ಕುಸಿದ. ಅವನನ್ನು ಎತ್ತಿ ಬೇವಿನ ಮರದ ನೆರಳಿಗೆ ತಂದು, ಮುಖ ತೊಳೆಸಿ, ಮುಂಜಾನೆ ಏನು ತಿಂದಿದ್ದೆ ಎಂದು ಕೇಳಿದೆ. "ಏನಿಲ್ರೀ ಟೀಚರ್, ಈಗರೆ ಎದ್ದು ಬಂದೀನ್ರಿ" ಎಂದ. ರಾತ್ರಿ ಮಲಗಿದ್ದು ಯಾವಾಗ ಎಂದರೆ ಹನ್ನೆರಡರ ಮೇಲಾಗಿತ್ತು ಎಂದ. ಅವನ ತುಟಿಗಳು ಒಣಗಿ ಸಿಪ್ಪೆ ಎದ್ದಿದ್ದವು. ಮಾರ್ಚ್ ತಿಂಗಳಿನಲ್ಲಿ ಇದೇ ಹುಡುಗ ಖೋಖೋ ಆಡುವಾಗ ಹಿಡಿಯಲು ಸಿಗುತ್ತಿರಲಿಲ್ಲ. ಅವನಿಗೆ ಯಾವ ರೋಗವೂ ಇರಲಿಲ್ಲ. ಏಳುವ, ಉಣ್ಣುವ, ನೀರು ಕುಡಿಯುವ, ಮಲಗುವ ಹೊತ್ತುಗಳೆಲ್ಲ ರಜೆಯಲ್ಲಿ ಕಲಸಿಹೋಗಿದ್ದವು, ಅಷ್ಟೇ. ಆ ದಿನದಿಂದ ಈ ವಿಷಯ ನನ್ನ ಮನಸ್ಸಿನಲ್ಲಿ ಕೂತಿದೆ. ಮತ್ತೊಂದು ರಜೆ ಬರುವ ಮೊದಲೇ ತಮ್ಮೆಲ್ಲರ ಮುಂದೆ ಇದನ್ನು ಇಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಶಾಲೆಗೆ ರಜೆ ಕೊಟ್ಟರೆ ಪಾಠಕ್ಕೆ ಮಾತ್ರ ರಜೆ ಎಂದು ನಾವು ತಿಳಿಯುತ್ತೇವೆ. ಆದರೆ ನಮ್ಮ ಹಳ್ಳಿಗಳಲ್ಲಿ ಶಾಲೆ ಮಗುವಿನ ಇಡೀ ದಿನಕ್ಕೆ ಒಂದು ಕಟ್ಟುಪಾಡು ಒದಗಿಸುತ್ತದೆ. 2013ರಿಂದ ಕ್ಷೀರಭಾಗ್ಯದ ಹಾಲು ಬಂದಿದೆ. 18 ಗ್ರಾಂ ಹಾಲಿನ ಪುಡಿಯಿಂದ ತಯಾರಿಸಿದ 150 ಮಿಲಿಲೀಟರ್ ಹಾಲು ಬೆಳಿಗ್ಗೆಯೇ ಮಗುವಿನ ಹೊಟ್ಟೆ ಸೇರುತ್ತದೆ. ಬಿಸಿಯೂಟವು ಕಿರಿಯ ಪ್ರಾಥಮಿಕದ ಮಗುವಿಗೆ ದಿನಕ್ಕೆ 450 ಕಿಲೋಕ್ಯಾಲರಿ ಮತ್ತು 12 ಗ್ರಾಂ ಪ್ರೋಟೀನ್, ಹಿರಿಯ ಪ್ರಾಥಮಿಕದ ಮಗುವಿಗೆ 700 ಕಿಲೋಕ್ಯಾಲರಿ ಮತ್ತು 20 ಗ್ರಾಂ ಪ್ರೋಟೀನ್ ಕೊಡಬೇಕೆಂಬುದು ನಿಯಮ. ಮೊಟ್ಟೆ ಕೊಡುವುದು 2021ರ ಡಿಸೆಂಬರ್‌ನಲ್ಲಿ ಮೊದಲು ಆರಂಭವಾದದ್ದು ನಮ್ಮ ಭಾಗದ ಜಿಲ್ಲೆಗಳಲ್ಲೇ, ಏಕೆಂದರೆ ಇಲ್ಲಿನ ಮಕ್ಕಳಲ್ಲಿ ಅಪೌಷ್ಟಿಕತೆ ಮತ್ತು ರಕ್ತಹೀನತೆ ಹೆಚ್ಚಾಗಿತ್ತು. ಇವುಗಳ ಜೊತೆಗೆ ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ, ಊಟಕ್ಕೆ ಮುಂಚೆ ಸಾಲಾಗಿ ನಿಂತು ಸೋಪಿನಿಂದ ಕೈ ತೊಳೆಯುವುದು, ಗಂಟೆ ಹೊಡೆದಾಗ ನೀರು ಕುಡಿಯುವುದು, ಸಂಜೆ ಮೈದಾನದ ಆಟ ಎಲ್ಲವೂ ಇವೆ. ಮನೆಯವರು ಗಮನಿಸದೇ ಹೋದರೂ ಶಾಲೆಯ ಗಂಟೆ ಮಗುವಿನ ಮೈಯನ್ನು ಕಾಯುತ್ತಿರುತ್ತದೆ.

ಕಳೆದ ಕೆಲವು ವರ್ಷಗಳ ಪದ್ಧತಿಯಂತೆ ಏಪ್ರಿಲ್ 11ರಿಂದ ಮೇ 28ರವರೆಗೆ ಈ ಗಂಟೆ ನಿಲ್ಲುತ್ತದೆ. ಲೆಕ್ಕ ಹಾಕಿದರೆ 48 ದಿನ, ಹತ್ತಿರ ಹತ್ತಿರ ಏಳು ವಾರ. ವರ್ಷದಲ್ಲೇ ಅತ್ಯಂತ ಕಠಿಣವಾದ ಏಳು ವಾರಗಳು ಇವು. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಈ ನೆಲದಲ್ಲಿ ಆಗ ಬಿಸಿಲು 40 ಡಿಗ್ರಿ ದಾಟುತ್ತದೆ, ತಗಡಿನ ಮನೆಗಳು ಬೆಳಿಗ್ಗೆ ಹತ್ತಕ್ಕೇ ಕಾಯುತ್ತವೆ, ಕಾಲುವೆಗಳು ಬತ್ತಿ ಕುಡಿಯುವ ನೀರಿಗೆ ಕೊಡಗಳ ಸಾಲು ನಿಲ್ಲುತ್ತದೆ. ಶಾಲೆಯ ಆಸರೆ ಮಗುವಿಗೆ ಹೆಚ್ಚು ಬೇಕಾದ ಕಾಲದಲ್ಲಿಯೇ ಅದು ಸಂಪೂರ್ಣ ಇಲ್ಲವಾಗುತ್ತದೆ. ರಜೆಯೇ ಬೇಡ ಎಂದು ನಾನು ಹೇಳುತ್ತಿಲ್ಲ. ಆ ಬಿಸಿಲಿನಲ್ಲಿ ಮಕ್ಕಳನ್ನು ತರಗತಿಯಲ್ಲಿ ಕೂರಿಸುವುದು ಕ್ರೌರ್ಯವಾಗುತ್ತದೆ. ಅಜ್ಜಿಯ ಊರು, ಮಾವಿನ ಹಣ್ಣು, ಮಾಳಿಗೆಯ ಮೇಲಿನ ನಿದ್ರೆ ಇವೆಲ್ಲ ಮಗುವಿನ ಹಕ್ಕು. ಪಾಠ ನಿಲ್ಲಲಿ, ಕಟ್ಟುಪಾಡು ನಿಲ್ಲದಿರಲಿ ಎಂಬುದಷ್ಟೇ ನನ್ನ ಬಿನ್ನಹ.

ಇದಕ್ಕೆ ದಾರಿ ತಮ್ಮ ಕಚೇರಿಯಲ್ಲಿಯೇ ಇದೆ. ಏಪ್ರಿಲ್ ಮತ್ತು ಮೇ ತಿಂಗಳಿನಲ್ಲಿ ನಮ್ಮ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಕೆಲಸ ಮಾಡುತ್ತವೆ. ಉದ್ಯೋಗ ಖಾತ್ರಿ ಕೆಲಸದ ಕೂಲಿಕಾರರಿಗೆ ಬೇಸಿಗೆಯಲ್ಲಿ ಕೆಲಸದ ಪ್ರಮಾಣದಲ್ಲಿ ರಿಯಾಯಿತಿ ಕೊಡುತ್ತ ಬರಲಾಗಿದೆ. ಎರಡೂ ಸರಿಯಾದ ಕ್ರಮಗಳು. ಬಿಸಿಲನ್ನು ನೋಡಿ ಹೊತ್ತನ್ನು ಹೊಂದಿಸಿಕೊಂಡ ವಿವೇಕ ಅದು. ದೊಡ್ಡವರಿಗಾಗಿ ತೋರಿದ ಈ ವಿವೇಕವನ್ನು ಮಕ್ಕಳಿಗೂ ತೋರಿಸಬೇಕೆಂದು ಕೇಳುತ್ತೇನೆ. ಬೆಳಿಗ್ಗೆ 7ರಿಂದ 10ರವರೆಗೆ ಶಾಲೆಯ ಅಂಗಳವನ್ನೂ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರವನ್ನೂ ರಜೆಯುದ್ದಕ್ಕೂ ಮಕ್ಕಳಿಗೆ ತೆರೆದಿಡಲು ಸಾಧ್ಯವಿದೆ. ಏಳರಿಂದ ಎಂಟೂವರೆಯವರೆಗೆ ಆಟ, ಆಮೇಲೆ ನೆರಳಿನಲ್ಲಿ ಕೂತು ಓದುವುದು, ಚಿತ್ರ ಬರೆಯುವುದು, ಚೌಕಾಬಾರ. ಒಂಬತ್ತೂವರೆಗೆ ಕೈ ತೊಳೆದು ಊಟ. ಹತ್ತಕ್ಕೆ ಬಿಸಿಲು ಏರುವ ಮೊದಲೇ ಮನೆಗೆ. ಐದರಿಂದ ಹದಿನೇಳು ವಯಸ್ಸಿನ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂತೆ ಆಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಲಗೋರಿ, ಕುಂಟಾಟ, ಚಿಣಿದಾಂಡು, ಕಬಡ್ಡಿ ಗೊತ್ತಿರುವ ಊರಿಗೆ ಅದಕ್ಕಾಗಿ ಯಾವ ಸಲಕರಣೆಯೂ ಬೇಕಿಲ್ಲ. ಬೇಕಾಗಿರುವುದು ಸರಿಯಾದ ಹೊತ್ತು, ನೆರಳು, ನೀರು ಮತ್ತು ನೋಡಿಕೊಳ್ಳಲು ಇಬ್ಬರು ದೊಡ್ಡವರು. ಪಂಚಾಯಿತಿಗಳು ಈಗಾಗಲೇ ಕೆಲವು ದಿನಗಳ ಬೇಸಿಗೆ ಶಿಬಿರ ನಡೆಸಿದ ಅನುಭವ ಹೊಂದಿವೆ. ಅದನ್ನು ಸಮಾರೋಪ ಮಾಡಿ ಬೀಗ ಹಾಕದೆ ರಜೆಯ ಕೊನೆಯವರೆಗೆ ಒಯ್ಯಬೇಕು.

ಊಟದ ಮಾತನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಬಿಸಿಯೂಟದ ಯೋಜನೆಯಾದ ಅಕ್ಷರ ದಾಸೋಹ 2002ರಲ್ಲಿ ಆರಂಭವಾದಾಗ ಮೊದಲು ಆಯ್ಕೆಯಾದ ಏಳು ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಬಿಸಿಯೂಟ ಕೊಡಬೇಕೆಂದು ಸುಪ್ರೀಂ ಕೋರ್ಟ್ 2004ರ ಏಪ್ರಿಲ್‌ನಲ್ಲಿಯೇ ಆದೇಶಿಸಿದೆ. 2023ರ ಮುಂಗಾರು ಕೈಕೊಟ್ಟು ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿದ ಮೇಲೆ, 2024ರ ರಜೆಯಲ್ಲಿ ನಾವು ಊಟ ಕೊಟ್ಟೆವು. ಆದರೆ ನಾನು ಕಂಡ ಮಟ್ಟಿಗೆ, ಮೊದಲ ವಾರ ಬಂದ ಮಕ್ಕಳು ಬರಬರುತ್ತ ಕಡಿಮೆಯಾದರು. ಹಸಿವಿಲ್ಲದೆ ಅವರು ಬಾರದೆ ಉಳಿದರೆಂದು ಯಾರೂ ತಿಳಿಯಬಾರದು. ಮಧ್ಯಾಹ್ನದ ಬಿಸಿಲಿನಲ್ಲಿ ಬರಿಗಾಲಿನ ಹುಡುಗಿಯೊಬ್ಬಳು ತಟ್ಟೆಯನ್ನು ತಲೆಯ ಮೇಲೆ ಹಿಡಿದು, ಕಾದ ಡಾಂಬರು ರಸ್ತೆಯ ಅಂಚಿನ ಒಣಹುಲ್ಲಿನ ಮೇಲೆ ಹೆಜ್ಜೆ ಹುಡುಕುತ್ತ, ಕಂಕುಳಲ್ಲಿ ತಮ್ಮನನ್ನೂ ಹೊತ್ತು ಬರುತ್ತಿದ್ದುದನ್ನು ನಾನು ನೋಡಿದ್ದೇನೆ. ಬಂದವಳು ಅರ್ಧ ಅನ್ನ ಬಿಟ್ಟು ಮೂರು ಲೋಟ ನೀರು ಕುಡಿದಳು. ಆ ಊಟವನ್ನು ಬೆಳಿಗ್ಗೆ ಒಂಬತ್ತೂವರೆಗೆ ಕೊಟ್ಟಿದ್ದರೆ ಅವಳು ಹೊಟ್ಟೆ ತುಂಬ ಉಂಡು ತಂಪಿನಲ್ಲೇ ಮನೆ ಸೇರುತ್ತಿದ್ದಳು. ಬರ ಘೋಷಣೆಯಾದ ವರ್ಷಕ್ಕಾಗಿ ಕಾಯದೆ, ನಮ್ಮ ಜಿಲ್ಲೆಯ ಮಟ್ಟಿಗೆ ಪ್ರತಿ ಬೇಸಿಗೆಯಲ್ಲೂ ಈ ಊಟ ಇರುವಂತೆ, ಅದೂ ಬೆಳಗಿನ ಹೊತ್ತಿಗೆ ಇರುವಂತೆ ಸರ್ಕಾರಕ್ಕೆ ಪ್ರಸ್ತಾವನೆ ಕಳಿಸಬೇಕೆಂದು ಜಿಲ್ಲಾಡಳಿತವನ್ನು ಕೋರುತ್ತೇನೆ. ಅಡುಗೆ ಮಾಡುವ ಅಕ್ಕಂದಿರಿಗೆ ಗೌರವಧನ ಬರುವುದು ವರ್ಷಕ್ಕೆ ಹತ್ತು ತಿಂಗಳು ಮಾತ್ರ. ರಜೆಯಲ್ಲಿ ಒಲೆಯ ಮುಂದೆ ನಿಲ್ಲಿ ಎಂದು ಅವರನ್ನು ಕೇಳುವುದಾದರೆ ಆ ದಿನಗಳ ಗೌರವಧನವನ್ನೂ ಪ್ರಸ್ತಾವನೆಯಲ್ಲಿ ಸೇರಿಸುವುದು ನ್ಯಾಯ.

ಮಾತ್ರೆಯ ವಿಷಯ ಬಹಳ ಸಣ್ಣದು, ಆದ್ದರಿಂದಲೇ ಮರೆತುಹೋಗುತ್ತದೆ. ಚಿಕ್ಕ ಮಕ್ಕಳಿಗೆ ಗುಲಾಬಿ ಬಣ್ಣದ್ದು, ಹತ್ತು ವರ್ಷ ದಾಟಿದವರಿಗೆ ನೀಲಿ ಬಣ್ಣದ್ದು, ವಾರಕ್ಕೊಂದು. ಏಳು ವಾರಕ್ಕೆ ಏಳು ಮಾತ್ರೆ. ಇವುಗಳನ್ನು ಪೋಷಕರ ಕೈಗೆ ಕೊಟ್ಟು, ಊಟವಾದ ಮೇಲೆ ನುಂಗಿಸಬೇಕೆಂದೂ, ಜೊತೆಗೆ ಚಹಾ ಕೊಡಬಾರದೆಂದೂ, ಚಿಕ್ಕ ಕೂಸುಗಳ ಕೈಗೆ ಸಿಗದಂತೆ ಎತ್ತಿಡಬೇಕೆಂದೂ ತಿಳಿಸಿ ಹೇಳಿದರೆ ಸಾಕು. ಬೆಳಗಿನ ಕೇಂದ್ರ ನಡೆಯುವ ಊರಿನಲ್ಲಿ ಆಶಾ ಕಾರ್ಯಕರ್ತೆಯೇ ಬಂದು ಎದುರಿಗೆ ನುಂಗಿಸಬಹುದು.

ಈಗ ನೀರು. ಮಕ್ಕಳ ಮೈ ದೊಡ್ಡವರ ಮೈಯಂತಲ್ಲ. ತೂಕಕ್ಕೆ ಹೋಲಿಸಿದರೆ ಅವರ ಚರ್ಮದ ಹರವು ಹೆಚ್ಚು, ಬೆವರುವುದು ಕಡಿಮೆ. ಹೀಗಾಗಿ ಕಾದ ಗಾಳಿಯ ಬಿಸಿಯನ್ನು ಅವರ ಮೈ ಬೇಗ ಹೀರುತ್ತದೆ. ಆಟದ ಗುಂಗಿನಲ್ಲಿ ಬಾಯಾರಿಕೆಯೂ ಅವರ ಗಮನಕ್ಕೆ ಬರುವುದಿಲ್ಲ. ಆದ್ದರಿಂದ ಕೇಳಿದಾಗ ಕೊಟ್ಟರಾಯಿತು ಎನ್ನದೆ ಹೊತ್ತುಹೊತ್ತಿಗೆ ಕರೆದು ಕುಡಿಸಬೇಕಾಗುತ್ತದೆ. ಮೂತ್ರದ ಬಣ್ಣ ಗಾಢ ಹಳದಿಯಾಗಿದ್ದರೆ ನೀರು ಸಾಲುತ್ತಿಲ್ಲ ಎಂದು ಮಕ್ಕಳಿಗೇ ಹೇಳಿಕೊಟ್ಟರೆ ಅವರೇ ನೋಡಿಕೊಂಡು ಬಂದು ವರದಿ ಒಪ್ಪಿಸುತ್ತಾರೆ. ನನ್ನ ತರಗತಿಯಲ್ಲಿ ಇದು ನಡೆದಿದೆ.

ಆದರೆ ಯಾವ ನೀರು ಎಂಬ ಪ್ರಶ್ನೆ ನಮ್ಮ ಜಿಲ್ಲೆಯಲ್ಲಿ ತಪ್ಪಿದ್ದಲ್ಲ. ಇಲ್ಲಿನ ಹಲವು ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಅಂಶ ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿದೆ. ಬೇಸಿಗೆಯಲ್ಲಿ ಮಗು ಹೆಚ್ಚು ನೀರು ಕುಡಿದಷ್ಟೂ ಅದೇ ಬಾವಿಯಿಂದ ಮೈ ಸೇರುವ ಫ್ಲೋರೈಡ್ ಹೆಚ್ಚುತ್ತದೆ, ಮತ್ತು ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಬಿದ್ದ ಕಂದುಗೆರೆ ಜೀವನಪೂರ್ತಿ ಉಳಿಯುತ್ತದೆ. ಹಾಗಿರುವಾಗ ಶುದ್ಧ ನೀರಿನ ಘಟಕ ಕೆಟ್ಟು ನಿಲ್ಲುವುದು ಹೆಚ್ಚಾಗಿ ಏಪ್ರಿಲ್-ಮೇ ತಿಂಗಳಿನಲ್ಲಿಯೇ. ಬೇಡಿಕೆ ಏರುತ್ತದೆ, ವಿದ್ಯುತ್ ಕೈಕೊಡುತ್ತದೆ, ಫಿಲ್ಟರ್ ಬದಲಿಸುವವರು ಬರುವುದಿಲ್ಲ, ನಾಣ್ಯ ಹಾಕಿದರೂ ನಲ್ಲಿ ಒಣಗಿಯೇ ಇರುತ್ತದೆ. ಒಂದು ಬೇಸಿಗೆಯಲ್ಲಿ ನಾವಿರುವ ಊರಿನ ಘಟಕ ಮೂರು ವಾರ ಮುಚ್ಚಿತ್ತು. ನನ್ನ ಮಕ್ಕಳಿಗೂ ನಾನು ಕೊಳವೆಬಾವಿಯ ನೀರನ್ನೇ ಕುಡಿಸಿದೆ, ಬೇರೆ ದಾರಿ ಇರಲಿಲ್ಲ. ಮಾರ್ಚ್ ಮುಗಿಯುವುದರೊಳಗೆ ಪ್ರತಿ ಘಟಕವನ್ನು ತಪಾಸಣೆ ಮಾಡಿಸಿ, ದುರಸ್ತಿ ಮಾಡುವವರ ಮೊಬೈಲ್ ಸಂಖ್ಯೆಯನ್ನು ಗೋಡೆಯ ಮೇಲೆ ಬರೆಸುವ ಹೊಣೆಯನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಿಗೆ (ಪಿಡಿಒ) ವಹಿಸಬೇಕೆಂದು ವಿನಂತಿಸುತ್ತೇನೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ ಎಂಬುದನ್ನೂ ತಾಯಂದಿರಿಗೆ ಸ್ಪಷ್ಟವಾಗಿ ಹೇಳಬೇಕು; ಕುದಿಸುವುದರಿಂದ ಸಾಯುವುದು ರೋಗಾಣು ಮಾತ್ರ.

ನೀರಿನ ಜಾಗವನ್ನು ಬಾಟಲಿ ಹಿಡಿಯುತ್ತಿರುವುದು ನನಗೆ ಇನ್ನೂ ಹೆಚ್ಚಿನ ಆತಂಕ ತಂದಿದೆ. ರಜೆಯ ದಿನ ಹನ್ನೊಂದು ಗಂಟೆಗೆ ಯಾವ ಕಿರಾಣಿ ಅಂಗಡಿಯ ಮುಂದೆ ನಿಂತರೂ ಕಾಣುವ ದೃಶ್ಯವಿದು: ಕೂಲಿಗೆ ಹೋಗುವ ತಾಯಿ ಮಗುವಿನ ಕೈಗೆ ಇಪ್ಪತ್ತು ರೂಪಾಯಿ ಕೊಟ್ಟು ಹೋಗಿದ್ದಾಳೆ, ಮಗು ಒಂದು ಬಣ್ಣದ ಬಾಟಲಿ, ಒಂದು ಚಿಪ್ಸ್ ಪ್ಯಾಕೆಟ್ ಹಿಡಿದು ಕಟ್ಟೆಯ ಮೇಲೆ ಕೂತಿದೆ. ಅದೇ ಅದರ ಮುಂಜಾನೆಯ ಊಟ. ಸಾಮಾನ್ಯ ಕೋಲಾದ 250 ಮಿಲಿಲೀಟರ್ ಬಾಟಲಿಯಲ್ಲಿ ಸುಮಾರು 26 ಗ್ರಾಂ ಸಕ್ಕರೆ ಇರುತ್ತದೆ, ಅಂದರೆ ಆರು ಚಮಚಕ್ಕಿಂತ ಹೆಚ್ಚು. ಆರು ಚಮಚ ಸಕ್ಕರೆ ಹಾಕಿದ ಚಹಾವನ್ನು ನಾವು ಯಾರೂ ಮಗುವಿಗೆ ಕೊಡಲಾರೆವು. ಎನರ್ಜಿ ಡ್ರಿಂಕ್ ಎನ್ನಿಸಿಕೊಳ್ಳುವ ಬಾಟಲಿಗಳಲ್ಲಿ ಸಕ್ಕರೆಯ ಜೊತೆಗೆ ಕೆಫೀನ್ ಕೂಡ ಇದೆ. ಮಕ್ಕಳಿಗೆ ಸೂಕ್ತವಲ್ಲ ಎಂದು ಬಾಟಲಿಯ ಮೇಲೆ ಮುದ್ರಿಸಲೇಬೇಕೆಂಬ ನಿಯಮವಿದೆ, ಆದರೆ ಆ ಮಾತು ಇಂಗ್ಲಿಷಿನಲ್ಲಿ, ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರದಲ್ಲಿ ಇರುತ್ತದೆ. ಮಧ್ಯಾಹ್ನ ಅದನ್ನು ಕುಡಿದ ಮಗು ರಾತ್ರಿ ಹನ್ನೊಂದಾದರೂ ಮಲಗದಿದ್ದರೆ ಮಗುವನ್ನು ಬೈದು ಪ್ರಯೋಜನವಿಲ್ಲ. ಹದಿನಾಲ್ಕು ವರ್ಷದೊಳಗಿನವರಿಗೆ ಇವುಗಳನ್ನು ಮಾರುವುದಿಲ್ಲ ಎಂದು ಗ್ರಾಮಸಭೆಯಲ್ಲಿ ಅಂಗಡಿಯವರೊಂದಿಗೆ ಕೂತು ಮಾತಾಡಿ ಒಪ್ಪಿಸಬಹುದು. ಅವರೂ ನಮ್ಮೂರಿನವರೇ, ಅವರ ಮಕ್ಕಳೂ ನಮ್ಮ ಶಾಲೆಗೇ ಬರುತ್ತಾರೆ.

ಬಾಟಲಿ ಬಿಡಿಸಬೇಕಾದರೆ ಕೈಗೆ ಬೇರೆ ಏನಾದರೂ ಕೊಡಬೇಕು. ನಮ್ಮ ಮನೆಗಳಲ್ಲಿ ಅದಕ್ಕೆ ಕೊರತೆಯಿಲ್ಲ. ಜೋಳದ ಹಿಟ್ಟನ್ನು ಹಿಂದಿನ ರಾತ್ರಿಯೇ ಅಂಬಲಿ ಕಾಯಿಸಿ ಆರಿಸಿಟ್ಟು, ಮುಂಜಾನೆ ಮಜ್ಜಿಗೆ, ಉಪ್ಪು, ಹೆಚ್ಚಿದ ಉಳ್ಳಾಗಡ್ಡಿ ಬೆರೆಸಿದರೆ ಕೂಲಿಗೆ ಹೋಗುವ ತಾಯಿಗೂ ಮನೆಯಲ್ಲಿರುವ ಮಗುವಿಗೂ ಒಂದೇ ಪಾತ್ರೆಯಲ್ಲಿ ಊಟವೂ ನೀರೂ ಆಗುತ್ತದೆ. ಮಡಕೆಯನ್ನು ಒದ್ದೆ ಬಟ್ಟೆ ಸುತ್ತಿ ಮೂಲೆಯಲ್ಲಿಟ್ಟರೆ ಹನ್ನೆರಡರವರೆಗೆ ತಂಪಾಗಿರುತ್ತದೆ. ರೊಟ್ಟಿಗೆ ಮೊಸರು ಮತ್ತು ಶೇಂಗಾ ಹಿಂಡಿ ಸವರಿ ಸುರುಳಿ ಸುತ್ತಿಟ್ಟು ಹೋದರೆ ಮಗು ತಾನೇ ತೆಗೆದುಕೊಂಡು ತಿನ್ನುತ್ತದೆ. ಆ ಇಪ್ಪತ್ತು ರೂಪಾಯಿಗೆ ಕಲ್ಲಂಗಡಿಯ ಹೋಳು ಬರುತ್ತದೆ, ಹುರಿದ ಶೇಂಗಾ ಮತ್ತು ಬೆಲ್ಲ ಬರುತ್ತದೆ. ಹೊಲಗೆಲಸದ ಅವಸರದಲ್ಲಿ ಇದನ್ನೆಲ್ಲ ಮಾಡಲು ಬಿಡುವೆಲ್ಲಿ ಎಂದು ತಾಯಂದಿರು ಕೇಳುತ್ತಾರೆ. ಅವರ ದಣಿವನ್ನು ನಾನು ಬಲ್ಲೆ, ಆ ಕಾರಣಕ್ಕಾಗಿಯೇ ಬೆಳಗಿನ ಊಟವನ್ನು ಶಾಲೆಯಲ್ಲೇ ಕೊಡಿ ಎಂದು ಮೇಲೆ ಅಷ್ಟು ಒತ್ತಿ ಬರೆದೆ.

ವಾಂತಿ-ಭೇದಿಯಾದಾಗ ಅಂಗಡಿಯ ಹಣ್ಣಿನ ರಸದ ಡಬ್ಬಿಯನ್ನು ಓಆರ್‌ಎಸ್ (ಮೈ ಕಳೆದುಕೊಂಡ ನೀರು-ಲವಣ ತುಂಬುವ ದ್ರಾವಣ) ಎಂದು ಕುಡಿಸಬಾರದು. ಸಕ್ಕರೆ ಹೆಚ್ಚಿರುವ ಪಾನೀಯಗಳು ಆ ಹೆಸರನ್ನು ಬಳಸುವಂತಿಲ್ಲವೆಂದು ಆಹಾರ ಸುರಕ್ಷತಾ ಪ್ರಾಧಿಕಾರವು 2025ರ ಅಕ್ಟೋಬರ್‌ನಲ್ಲಿ ಹೇಳಿದೆ. ಆರೋಗ್ಯ ಕೇಂದ್ರದ 20.5 ಗ್ರಾಂ ಪ್ಯಾಕೆಟ್ಟನ್ನು ಪೂರ್ತಿಯಾಗಿ ಒಂದು ಲೀಟರ್ ಶುದ್ಧ ನೀರಿಗೆ ಬೆರೆಸಿ, ಗುಟುಕು ಗುಟುಕಾಗಿ ಕುಡಿಸಿ, ಮರುದಿನಕ್ಕೆ ಉಳಿದದ್ದನ್ನು ಚೆಲ್ಲಬೇಕು. ಪ್ಯಾಕೆಟ್ ಇಲ್ಲದಿದ್ದರೆ ಲೀಟರ್ ನೀರಿಗೆ ಆರು ಸಮತಟ್ಟು ಚಹಾ ಚಮಚ ಸಕ್ಕರೆ ಮತ್ತು ಅರ್ಧ ಚಮಚ ಉಪ್ಪು. ಬಿಸಿಲಿಗೆ ಹೋದ ಮಗುವಿನ ಮೈ ಬೆಂಕಿಯಂತೆ ಕಾದು, ಮಾತು ತೊದಲಿದರೆ ಅಥವಾ ಎಚ್ಚರ ತಪ್ಪಿದರೆ ಅದು ಮನೆಯ ಮದ್ದಿನ ಕಾಲವಲ್ಲ. ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈತುಂಬ ನೀರು ಸುರಿದು ಗಾಳಿ ಬೀಸುತ್ತಲೇ 108ಕ್ಕೆ ಕರೆ ಮಾಡಬೇಕು. ಎಚ್ಚರವಿಲ್ಲದ ಮಗುವಿನ ಬಾಯಿಗೆ ಏನನ್ನೂ ಹಾಕಬಾರದು.

ನಿದ್ರೆಯ ಬಗ್ಗೆ ತಂದೆಯಂದಿರೊಂದಿಗೆ ನೇರವಾಗಿ ಮಾತಾಡಬೇಕೆನಿಸುತ್ತದೆ. ಆರರಿಂದ ಹನ್ನೆರಡು ವಯಸ್ಸಿನ ಮಗುವಿಗೆ ದಿನಕ್ಕೆ ಒಂಬತ್ತು ಗಂಟೆಗೆ ಕಡಿಮೆಯಿಲ್ಲದ ನಿದ್ರೆ ಬೇಕು. ರಜೆ ಇರುವ ಕಾಲವೇ ಐಪಿಎಲ್ ಕಾಲ. ರಾತ್ರಿ 7.30ಕ್ಕೆ ಶುರುವಾದ ಪಂದ್ಯ ಮುಗಿಯುವಾಗ ಹನ್ನೊಂದು ದಾಟಿರುತ್ತದೆ, ಆಮೇಲೆ ಅದೇ ಮೊಬೈಲ್ ಮಗುವಿನ ಕೈ ಸೇರುತ್ತದೆ. ತಂದೆ ನೋಡುತ್ತ ಕೂತು ಮಗನಿಗೆ ಮಲಗು ಎಂದರೆ ಅವನು ಮಲಗುವುದಿಲ್ಲ. ಒಂಬತ್ತೂವರೆಗೆ ಮನೆಯ ಎಲ್ಲ ಮೊಬೈಲ್‌ಗಳನ್ನೂ ಒಂದೇ ಗೂಡಿನಲ್ಲಿಟ್ಟು ಎಲ್ಲರೂ ಮಾಳಿಗೆ ಹತ್ತಿದರೆ, ಬೆಳಿಗ್ಗೆ ಏಳಕ್ಕೆ ಆಟಕ್ಕೆ ಬರಲು ಮಗುವನ್ನು ಯಾರೂ ಎಬ್ಬಿಸಬೇಕಾಗುವುದಿಲ್ಲ.

ಇನ್ನೊಂದು ಅಪಾಯವನ್ನು ಹೇಳದೆ ಇರಲಾರೆ. ಸೆಕೆ ತಾಳಲಾರದೆ ಹುಡುಗರು ಮಧ್ಯಾಹ್ನ ಕೃಷಿ ಹೊಂಡಗಳಿಗೆ ಇಳಿಯುತ್ತಾರೆ. ಹೊಂಡದ ಇಳಿಜಾರಿಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿ ಹಿಡಿದು ಜಾರುತ್ತದೆ. ಈಜು ಬಲ್ಲವನೂ ಕೈ ಊರಲು ಜಾಗ ಸಿಗದೆ ಮೇಲೆ ಬರಲಾರ. ಪ್ರತಿ ಹೊಂಡಕ್ಕೆ ಬೇಲಿ, ಮತ್ತು ದಂಡೆಯ ಗೂಟಕ್ಕೆ ಕಟ್ಟಿ ನೀರಿನೊಳಗೆ ಇಳಿಬಿಟ್ಟ ಗಂಟುಗಂಟಿನ ದಪ್ಪ ಹಗ್ಗ, ಇವೆರಡನ್ನು ಏಪ್ರಿಲ್‌ಗೆ ಮುಂಚೆ ಕಡ್ಡಾಯ ಮಾಡಬೇಕು. ಹೊಲದ ಮಾಲೀಕರು ಜಿಲ್ಲಾಡಳಿತದ ಆದೇಶಕ್ಕೆ ಕಾಯದೆ ಈ ವಾರವೇ ಹಗ್ಗ ಕಟ್ಟಬಹುದು.

ಪರೀಕ್ಷೆ ಮುಗಿದ ಮರುದಿನವೇ ತಂದೆ-ತಾಯಿಯ ಜೊತೆ ದುಡಿಮೆಗಾಗಿ ಬೆಂಗಳೂರಿಗೋ ಪುಣೆಗೋ ಗುಳೆ ಹೋಗುವ ಮಕ್ಕಳಿಗೆ ಬೆಳಗಿನ ಕೇಂದ್ರವೂ ಸಿಗುವುದಿಲ್ಲ, ಅರಿವು ಕೇಂದ್ರವೂ ಸಿಗುವುದಿಲ್ಲ. ಕಟ್ಟಡದ ಮರಳ ಗುಡ್ಡೆಯ ಪಕ್ಕದಲ್ಲಿ ಅವರ ರಜೆ ಕಳೆಯುತ್ತದೆ. ಅವರನ್ನು ತಡೆಯುವ ಶಕ್ತಿ ನನಗಿಲ್ಲ. ಅಜ್ಜ-ಅಜ್ಜಿಯ ಬಳಿ ಬಿಟ್ಟುಹೋಗುವಂತಿದ್ದರೆ ಬೆಳಗಿನ ಊಟದ ಭರವಸೆ ಅವರಲ್ಲಿ ಕೆಲವರನ್ನಾದರೂ ಊರಲ್ಲಿ ಉಳಿಸಬಹುದು. ಹೋಗುವವರ ಚೀಲದಲ್ಲಿ ಓಆರ್‌ಎಸ್, ಮಾತ್ರೆ ಮತ್ತು ಚಪ್ಪಲಿ ಇರಲಿ.

ಇಷ್ಟನ್ನೆಲ್ಲ ಮುಟ್ಟಿಸಲು ಪ್ರತ್ಯೇಕ ಸಮಾರಂಭ ಬೇಕಿಲ್ಲ. ಏಪ್ರಿಲ್ 10ರಂದು 'ಸಮುದಾಯದತ್ತ ಶಾಲೆ' ದಿನ ಫಲಿತಾಂಶ ಕೇಳಲು ಪೋಷಕರು ಶಾಲೆಗೆ ಬಂದೇ ಬರುತ್ತಾರೆ. ಅಂದು ಅಂಕಪಟ್ಟಿಯ ಜೊತೆಗೆ ಪ್ರತಿ ಮಗುವಿನ ಎತ್ತರ-ತೂಕ ಬರೆದ ಚೀಟಿ, ಏಳು ಮಾತ್ರೆ, ಎರಡು ಓಆರ್‌ಎಸ್ ಪ್ಯಾಕೆಟ್, ಮತ್ತು ಮರುದಿನ ಬೆಳಿಗ್ಗೆ ಏಳಕ್ಕೆ ಅಂಗಳ ತೆರೆದಿರುತ್ತದೆ ಎಂಬ ಮಾತು ಪೋಷಕರ ಕೈಗೂ ಕಿವಿಗೂ ತಲುಪುವಂತೆ ಮಾರ್ಚ್ ತಿಂಗಳಿನಲ್ಲಿಯೇ ಆದೇಶ ಹೊರಡಿಸಬೇಕೆಂದು ಪ್ರಾರ್ಥಿಸುತ್ತೇನೆ. ನಮ್ಮ ಶಾಲೆಯ ಬೀಗದ ಕೈಯನ್ನು ನಾನೇ ಇಟ್ಟುಕೊಂಡು ಮೊದಲ ಹದಿನೈದು ದಿನ ಬಾಗಿಲು ತೆರೆಯಲು ಸಿದ್ಧಳಿದ್ದೇನೆ. ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಇಬ್ಬರು ತಾಯಂದಿರು ಉಳಿದ ದಿನಗಳನ್ನು ನೋಡಿಕೊಳ್ಳುವುದಾಗಿ ಒಪ್ಪಿದ್ದಾರೆ.

ತಮ್ಮ ವಿಶ್ವಾಸಿ,
ಒಬ್ಬ ಸರ್ಕಾರಿ ಶಾಲಾ ಶಿಕ್ಷಕಿ
ಮಾನ್ವಿ ತಾಲ್ಲೂಕು, ರಾಯಚೂರು ಜಿಲ್ಲೆ